ಒಂದೇ ಧ್ವನಿಮುದ್ರಿಕೆ, ಎರಡು ಜ್ಯೂರಿ: ಗವರ್ನರ್ ಬ್ಲಗೋಯೆವಿಚ್ ವಿಚಾರಣೆಯ ಒಳನೋಟ

ಅಮೆರಿಕದ ಇಲಿನಾಯ್ ರಾಜ್ಯದ ಮಾಜಿ ಗವರ್ನರ್ ರಾಡ್ ಬ್ಲಗೋಯೆವಿಚ್ ಅವರ ಭ್ರಷ್ಟಾಚಾರ ಪ್ರಕರಣವು ಷಿಕಾಗೊ ನಗರದ ಫೆಡರಲ್ ನ್ಯಾಯಾಲಯದಲ್ಲಿ ಎರಡು ಬಾರಿ ವಿಚಾರಣೆಗೆ ಒಳಪಟ್ಟಿತು. ಎರಡೂ ಬಾರಿ ಪೀಠದಲ್ಲಿದ್ದವರು ನ್ಯಾಯಾಧೀಶ ಜೇಮ್ಸ್ ಜೇಗಲ್. ಎರಡೂ ಬಾರಿ ಮುಖ್ಯ ಸಾಕ್ಷ್ಯವಾಗಿದ್ದುದು ತನಿಖಾ ಸಂಸ್ಥೆ ಎಫ್‌ಬಿಐ ಕದ್ದಾಲಿಸಿ ದಾಖಲಿಸಿಕೊಂಡಿದ್ದ ದೂರವಾಣಿ ಸಂಭಾಷಣೆಗಳು. ಆದರೂ 2010ರ ಆಗಸ್ಟ್‌ನಲ್ಲಿ ಮೊದಲ ಜ್ಯೂರಿಯು 24 ಆರೋಪಗಳ ಪೈಕಿ ಒಂದರಲ್ಲಿ ಮಾತ್ರ ಅವರನ್ನು ತಪ್ಪಿತಸ್ಥರೆಂದು ಸಾರಿತು. 2011ರ ಜೂನ್‌ನಲ್ಲಿ ಎರಡನೆಯ ಜ್ಯೂರಿಯು 20 ಆರೋಪಗಳ ಪೈಕಿ 17ರಲ್ಲಿ ತಪ್ಪಿತಸ್ಥರೆಂದು ನಿರ್ಣಯಿಸಿತು.

ಈ ಹತ್ತು ತಿಂಗಳ ಅಂತರದಲ್ಲಿ ಬದಲಾದದ್ದು ಸಾಕ್ಷ್ಯವಲ್ಲ. ಬದಲಾದದ್ದು ಆರೋಪಗಳನ್ನು ಮಂಡಿಸಿದ ರೀತಿ, ಆರೋಪಿಯ ಪರ ವಕೀಲರ ತಂತ್ರ ಮತ್ತು ನಿರ್ಣಯ ನೀಡಲು ಕುಳಿತ ಹನ್ನೆರಡು ಮಂದಿ ನಾಗರಿಕರು. ರಾಜ್ಯದ ಪ್ರತಿಯೊಬ್ಬರೂ ಬಲ್ಲ, ಪ್ರತಿಯೊಬ್ಬರೂ ಒಂದಲ್ಲ ಒಂದು ಅಭಿಪ್ರಾಯ ಹೊಂದಿರುವ ಆಳುವ ವ್ಯಕ್ತಿಯನ್ನು ನಿಷ್ಪಕ್ಷಪಾತವಾಗಿ ವಿಚಾರಿಸುವುದು ಹೇಗೆ ಎಂಬ ಪ್ರಶ್ನೆಗೆ ಈ ಪ್ರಕರಣವು ಉತ್ತಮ ಉದಾಹರಣೆ.

ಪ್ರಕರಣದ ಹಿನ್ನೆಲೆ

ಅಮೆರಿಕದಲ್ಲಿ ಗವರ್ನರ್ ಎಂದರೆ ನಮ್ಮ ರಾಜ್ಯಪಾಲರಂತೆ ನೇಮಕಗೊಂಡವರಲ್ಲ. ಅವರು ಜನರಿಂದ ನೇರವಾಗಿ ಚುನಾಯಿತರಾದ ರಾಜ್ಯದ ಮುಖ್ಯ ಆಡಳಿತಗಾರರು. ಅಧಿಕಾರದ ದೃಷ್ಟಿಯಿಂದ ನಮ್ಮ ಮುಖ್ಯಮಂತ್ರಿಗಳಿಗೆ ಸಮೀಪದವರು. ಡೆಮಾಕ್ರಟಿಕ್ ಪಕ್ಷದ ಬ್ಲಗೋಯೆವಿಚ್ ಅಮೆರಿಕ ಸಂಸತ್ತಿನ ಕೆಳಮನೆಯ ಸದಸ್ಯರಾಗಿದ್ದು, 2003ರ ಜನವರಿಯಲ್ಲಿ ಗವರ್ನರ್ ಹುದ್ದೆಗೇರಿದರು. ಅವರ ಹಿಂದಿನ ಗವರ್ನರ್, ರಿಪಬ್ಲಿಕನ್ ಪಕ್ಷದ ಜಾರ್ಜ್ ರಯಾನ್ ಕೂಡ ಭ್ರಷ್ಟಾಚಾರದ ಆರೋಪದಲ್ಲಿ 2006ರಲ್ಲಿ ತಪ್ಪಿತಸ್ಥರೆಂದು ನಿರ್ಣಯಿಸಲ್ಪಟ್ಟರು. ಆಡಳಿತವನ್ನು ಶುದ್ಧಗೊಳಿಸುವುದಾಗಿ ಭರವಸೆಯಿತ್ತು ಗೆದ್ದವರೇ ಮುಂದೆ ಕಟಕಟೆ ಏರಬೇಕಾಯಿತು.

2008ರ ನವೆಂಬರ್ 4ರಂದು ಬರಾಕ್ ಒಬಾಮ ಅಮೆರಿಕದ ಅಧ್ಯಕ್ಷರಾಗಿ ಆಯ್ಕೆಯಾದರು. ಅವರು ಪ್ರತಿನಿಧಿಸುತ್ತಿದ್ದ ಇಲಿನಾಯ್‌ನ ಸೆನೆಟ್ ಸ್ಥಾನ ತೆರವಾಯಿತು. ರಾಜ್ಯದ ಕಾನೂನಿನಂತೆ ಆ ಸ್ಥಾನಕ್ಕೆ ಉತ್ತರಾಧಿಕಾರಿಯನ್ನು ನೇಮಿಸುವ ಅಧಿಕಾರ ಗವರ್ನರ್ ಅವರದಾಗಿತ್ತು. ಇತರ ಅಕ್ರಮಗಳ ತನಿಖೆಯ ಅಂಗವಾಗಿ ಅದಾಗಲೇ ಅವರ ದೂರವಾಣಿಗೆ ಕಿವಿಗೊಟ್ಟಿದ್ದ ತನಿಖಾಧಿಕಾರಿಗಳಿಗೆ, ಈ ನೇಮಕದಿಂದ ತಮಗೇನು ಲಾಭ ದೊರೆಯಬಹುದೆಂದು ಗವರ್ನರ್ ಲೆಕ್ಕ ಹಾಕುತ್ತಿದ್ದ ಮಾತುಗಳು ಕೇಳಿಬಂದವು. ಕೈಯಲ್ಲಿರುವುದು ಬಂಗಾರದಂತಹ ಅವಕಾಶ, ಪುಕ್ಕಟೆಯಾಗಿ ಬಿಟ್ಟುಕೊಡಲಾರೆ ಎಂಬ ಅರ್ಥದ ಅವರ ಮಾತು ಬೈಗುಳ ಸಹಿತ ಜಗತ್ತಿನಾದ್ಯಂತ ಪ್ರಚಾರ ಪಡೆಯಿತು. 2008ರ ಡಿಸೆಂಬರ್ 9ರ ಮುಂಜಾನೆ ಅವರನ್ನು ಮನೆಯಲ್ಲೇ ಬಂಧಿಸಲಾಯಿತು.

ಆರೋಪಗಳು ಸೆನೆಟ್ ಸ್ಥಾನಕ್ಕೆ ಸೀಮಿತವಾಗಿರಲಿಲ್ಲ. ಮಕ್ಕಳ ಆಸ್ಪತ್ರೆಯೊಂದರ ವೈದ್ಯರಿಗೆ ಸರ್ಕಾರ ನೀಡುವ ದರದ ಹೆಚ್ಚಳವನ್ನು ತಡೆಹಿಡಿದು, ಆಸ್ಪತ್ರೆಯ ಮುಖ್ಯಸ್ಥರಿಂದ 50 ಸಾವಿರ ಡಾಲರ್ ಚುನಾವಣಾ ದೇಣಿಗೆಗೆ ಯತ್ನಿಸಿದ್ದು, ಕುದುರೆ ಜೂಜಿನ ಮೈದಾನಗಳಿಗೆ ಅನುಕೂಲಕರವಾದ ಮಸೂದೆಗೆ ಸಹಿ ಹಾಕಲು 1 ಲಕ್ಷ ಡಾಲರ್ ದೇಣಿಗೆ ಬಯಸಿದ್ದು, ಹೆದ್ದಾರಿ ಕಾಮಗಾರಿ ಹಾಗೂ ಶಾಲೆಯೊಂದರ ಅನುದಾನಕ್ಕೆ ಸಂಬಂಧಿಸಿದ ಒತ್ತಡ ಇವೆಲ್ಲ ದೋಷಾರೋಪಣೆಯಲ್ಲಿ ಸೇರಿದ್ದವು. 2009ರ ಜನವರಿ 29ರಂದು ರಾಜ್ಯ ಸೆನೆಟ್ 59-0 ಮತಗಳಿಂದ ಅವರನ್ನು ಪದಚ್ಯುತಗೊಳಿಸಿತು. ಅಂದರೆ ನ್ಯಾಯಾಲಯದ ವಿಚಾರಣೆ ಆರಂಭವಾಗುವ ಮುನ್ನವೇ ರಾಜಕೀಯ ವ್ಯವಸ್ಥೆ ಒಮ್ಮತದ ತೀರ್ಪು ನೀಡಿಬಿಟ್ಟಿತ್ತು. ಜ್ಯೂರಿಯಾಗಿ ಕುಳಿತುಕೊಳ್ಳುವವರು ಅದನ್ನೂ ಓದಿಯೇ ಬರುವವರಾಗಿದ್ದರು.

ಜ್ಯೂರಿಯ ಆಯ್ಕೆ ಹೇಗೆ?

ಅಮೆರಿಕದ ಸಂವಿಧಾನದ ಆರನೆಯ ತಿದ್ದುಪಡಿಯು ಕ್ರಿಮಿನಲ್ ಪ್ರಕರಣದ ಆರೋಪಿಗೆ, ಅಪರಾಧ ನಡೆದ ಪ್ರದೇಶದ ನಿಷ್ಪಕ್ಷಪಾತಿ ಜ್ಯೂರಿಯಿಂದ ವಿಚಾರಣೆಯ ಹಕ್ಕನ್ನು ನೀಡುತ್ತದೆ. ಫೆಡರಲ್ ನ್ಯಾಯಾಲಯದಲ್ಲಿ ಜ್ಯೂರಿಯೆಂದರೆ 12 ಸದಸ್ಯರು. ಯಾರಾದರೂ ಅನಾರೋಗ್ಯ ಮೊದಲಾದ ಕಾರಣಗಳಿಂದ ಹೊರಗುಳಿದರೆ ಆ ಸ್ಥಾನಕ್ಕೆಂದು ಗರಿಷ್ಠ 6 ಮಂದಿ ಬದಲಿ ಸದಸ್ಯರೂ ಇರುತ್ತಾರೆ. ಕಾನೂನಿನ ಪ್ರಶ್ನೆಗಳನ್ನು ನ್ಯಾಯಾಧೀಶರು ನಿರ್ಧರಿಸುತ್ತಾರೆ. ಸಂಗತಿಗಳನ್ನು ತೂಗಿ ತಪ್ಪಿತಸ್ಥನೋ ಅಲ್ಲವೋ ಎಂದು ಹೇಳುವುದು ಜ್ಯೂರಿ. ನಿರ್ಣಯವು ಸರ್ವಾನುಮತದ್ದಾಗಿರಬೇಕು. ಹನ್ನೊಂದು ಮಂದಿ ಒಂದು ಕಡೆ, ಒಬ್ಬರು ಇನ್ನೊಂದು ಕಡೆ ನಿಂತರೆ ಆ ಆರೋಪದ ಮೇಲೆ ನಿರ್ಣಯವೇ ಇಲ್ಲ. ಜ್ಯೂರಿ ತನ್ನ ನಿರ್ಣಯಕ್ಕೆ ಕಾರಣ ಕೊಡಬೇಕಾಗಿಯೂ ಇಲ್ಲ.

ಸಂಭಾವ್ಯ ಸದಸ್ಯರ ಹೆಸರುಗಳನ್ನು ಮತದಾರರ ಪಟ್ಟಿ ಮೊದಲಾದ ದಾಖಲೆಗಳಿಂದ ಯಾದೃಚ್ಛಿಕವಾಗಿ ಆರಿಸಿ ಕರೆಸಲಾಗುತ್ತದೆ. ರಾಜಕಾರಣಿಯೊಬ್ಬರ ವಿಚಾರಣೆಯಲ್ಲಿ ಇದರ ಅರ್ಥ ಸ್ಪಷ್ಟ: ಅವರಿಗೆ ಮತ ಹಾಕಿದವರು, ಅವರ ವಿರುದ್ಧ ಮತ ಹಾಕಿದವರು ಇಬ್ಬರೂ ಆ ಗುಂಪಿನಲ್ಲಿರುತ್ತಾರೆ. ದೊಡ್ಡ ಪ್ರಕರಣಗಳಲ್ಲಿ ಇವರಿಗೆ ಮೊದಲು ಉದ್ದನೆಯ ಲಿಖಿತ ಪ್ರಶ್ನಾವಳಿ ನೀಡಲಾಗುತ್ತದೆ. ಉದ್ಯೋಗವೇನು, ಯಾವ ಪತ್ರಿಕೆ ಓದುತ್ತೀರಿ, ಪಕ್ಷಕ್ಕೆ ದೇಣಿಗೆ ಕೊಟ್ಟಿದ್ದೀರಾ, ಕುಟುಂಬದಲ್ಲಿ ಸರ್ಕಾರಿ ನೌಕರರಿದ್ದಾರೆಯೇ, ಪ್ರಕರಣದ ಬಗ್ಗೆ ಏನು ಕೇಳಿದ್ದೀರಿ, ಅದನ್ನು ಬದಿಗಿಟ್ಟು ಸಾಕ್ಷ್ಯದ ಆಧಾರದ ಮೇಲೆ ಮಾತ್ರ ನಿರ್ಣಯಿಸಬಲ್ಲಿರಾ ಎಂಬ ಬಗೆಯ ಪ್ರಶ್ನೆಗಳು ಅದರಲ್ಲಿರುತ್ತವೆ. ಬಳಿಕ ನ್ಯಾಯಾಲಯದಲ್ಲಿ ಒಬ್ಬೊಬ್ಬರನ್ನಾಗಿ ಮೌಖಿಕವಾಗಿ ಪ್ರಶ್ನಿಸಲಾಗುತ್ತದೆ. ಫೆಡರಲ್ ನ್ಯಾಯಾಲಯದಲ್ಲಿ ಈ ಪ್ರಶ್ನೆಗಳನ್ನು ನ್ಯಾಯಾಧೀಶರೇ ಕೇಳಬಹುದು, ಅಥವಾ ವಕೀಲರಿಗೆ ಅವಕಾಶ ಕೊಡಬಹುದು.

ಸದಸ್ಯರನ್ನು ಕೈಬಿಡಲು ಎರಡು ಮಾರ್ಗಗಳಿವೆ. ಮೊದಲನೆಯದು ಕಾರಣಸಹಿತ ಆಕ್ಷೇಪ. ಆ ವ್ಯಕ್ತಿಗೆ ಪೂರ್ವಗ್ರಹವಿದೆ ಎಂದು ತೋರಿಸಿದರೆ ನ್ಯಾಯಾಧೀಶರು ಕೈಬಿಡುತ್ತಾರೆ. ಇದಕ್ಕೆ ಸಂಖ್ಯೆಯ ಮಿತಿಯಿಲ್ಲ. ಎರಡನೆಯದು ಕಾರಣ ಹೇಳದೆ ನಿರಾಕರಿಸುವ ಹಕ್ಕು. ಗಂಭೀರ ಅಪರಾಧಗಳಲ್ಲಿ ಸಾಮಾನ್ಯವಾಗಿ ಸರ್ಕಾರಕ್ಕೆ ಇಂಥ 6 ಮತ್ತು ಆರೋಪಿಯ ಪಕ್ಷಕ್ಕೆ 10 ಅವಕಾಶಗಳಿರುತ್ತವೆ. ವಕೀಲರ ಲೆಕ್ಕಾಚಾರವೆಲ್ಲ ನಡೆಯುವುದು ಇಲ್ಲಿಯೇ. ಆದರೆ ಈ ಹಕ್ಕೂ ನಿರಂಕುಶವಲ್ಲ. ಬ್ಯಾಟ್ಸನ್ ಪ್ರಕರಣದಲ್ಲಿ (1986) ಜನಾಂಗದ ಆಧಾರದ ಮೇಲೂ, 1994ರ ಇನ್ನೊಂದು ತೀರ್ಪಿನಲ್ಲಿ ಲಿಂಗದ ಆಧಾರದ ಮೇಲೂ ಸದಸ್ಯರನ್ನು ನಿರಾಕರಿಸುವಂತಿಲ್ಲ ಎಂದು ಅಮೆರಿಕದ ಸುಪ್ರೀಂ ಕೋರ್ಟ್ ಸ್ಪಷ್ಟಪಡಿಸಿದೆ.

ಹೀಗಾಗಿ 'ಜ್ಯೂರಿ ಆಯ್ಕೆ' ಎಂಬ ಮಾತು ತುಸು ದಾರಿತಪ್ಪಿಸುವಂಥದ್ದು. ತಮಗೆ ಬೇಕಾದವರನ್ನು ಆರಿಸಿಕೊಳ್ಳುವ ಅವಕಾಶ ಯಾವ ಪಕ್ಷಕ್ಕೂ ಇಲ್ಲ. ಬೇಡವಾದವರನ್ನು ಹೊರಗಿಡುವ ಸೀಮಿತ ಅವಕಾಶವಷ್ಟೇ ಇದೆ, ಉಳಿದವರೇ ಜ್ಯೂರಿ.

ಏನೂ ತಿಳಿಯದವರೇ ಬೇಕೇ?

ಪ್ರಸಿದ್ಧ ರಾಜಕಾರಣಿಯ ಹೆಸರೇ ಕೇಳದ ಹನ್ನೆರಡು ಮಂದಿಯನ್ನು ಅವರದೇ ರಾಜ್ಯದಲ್ಲಿ ಹುಡುಕುವುದು ಅಸಾಧ್ಯ. ಅಂಥವರು ದೊರೆತರೂ ಅವರು ಉತ್ತಮ ನಿರ್ಣಾಯಕರಾಗುತ್ತಾರೆಂಬ ಖಾತರಿಯಿಲ್ಲ. ಈ ಕುರಿತು ಸುಪ್ರೀಂ ಕೋರ್ಟ್ 2010ರ ಜೂನ್ 24ರಂದು, ಅಂದರೆ ಬ್ಲಗೋಯೆವಿಚ್ ಅವರ ಮೊದಲ ವಿಚಾರಣೆ ನಡೆಯುತ್ತಿರುವಾಗಲೇ, ಮಹತ್ವದ ತೀರ್ಪು ನೀಡಿತು. ಅದು ದಿವಾಳಿಯೆದ್ದ ಎನ್ರಾನ್ ಕಂಪನಿಯ ಮಾಜಿ ಮುಖ್ಯಸ್ಥ ಜೆಫ್ರಿ ಸ್ಕಿಲಿಂಗ್ ಅವರ ಪ್ರಕರಣ. ಪ್ರಚಾರವಿದ್ದ ಮಾತ್ರಕ್ಕೆ ಪೂರ್ವಗ್ರಹವಿದೆ ಎಂದು ಭಾವಿಸಬೇಕಿಲ್ಲ, ನಿಷ್ಪಕ್ಷಪಾತವೆಂದರೆ ಅಜ್ಞಾನವಲ್ಲ ಎಂಬುದು ಆ ತೀರ್ಪಿನ ಒಂದು ತಿರುಳು. ಸಾರ್ವಜನಿಕ ಸೇವೆಯಲ್ಲಿನ ಅಪ್ರಾಮಾಣಿಕತೆಯನ್ನು ಶಿಕ್ಷಿಸುವ ಕಾಯ್ದೆಯನ್ನು ಲಂಚ ಹಾಗೂ ಕಮಿಷನ್ ಪ್ರಕರಣಗಳಿಗೆ ಮಾತ್ರ ಸೀಮಿತಗೊಳಿಸಿದ್ದು ಇನ್ನೊಂದು ತಿರುಳು. ಇಂಥದ್ದೊಂದು ತೀರ್ಪು ಬರಬಹುದೆಂಬ ಮುಂದಾಲೋಚನೆಯಿಂದ ಸರ್ಕಾರಿ ವಕೀಲರು 2010ರ ಫೆಬ್ರವರಿಯಲ್ಲಿಯೇ ದೋಷಾರೋಪಣೆಯನ್ನು ಪರಿಷ್ಕರಿಸಿ, ಆ ಕಾಯ್ದೆಯನ್ನು ಅವಲಂಬಿಸದ ಆರೋಪಗಳನ್ನು ಸೇರಿಸಿದ್ದರು. ಈ ಎಚ್ಚರಿಕೆ ಪ್ರಕರಣವನ್ನು ಉಳಿಸಿತಾದರೂ ಅದನ್ನು ಇನ್ನಷ್ಟು ಜಟಿಲಗೊಳಿಸಿತು.

ಪ್ರಶ್ನಾವಳಿಗೆ ಸದಸ್ಯರು ಸತ್ಯವಾದ ಉತ್ತರ ನೀಡದಿದ್ದರೆ ಏನಾಗುತ್ತದೆ ಎಂಬುದನ್ನು ಷಿಕಾಗೊ ನಗರ ಅದಾಗಲೇ ಕಂಡಿತ್ತು. ಜಾರ್ಜ್ ರಯಾನ್ ಅವರ ಸುಮಾರು ಆರು ತಿಂಗಳ ವಿಚಾರಣೆಯ ಕೊನೆಯಲ್ಲಿ, ಜ್ಯೂರಿ ಸಮಾಲೋಚನೆಗೆ ಕುಳಿತ ಬಳಿಕ, ಕೆಲವು ಸದಸ್ಯರು ತಮ್ಮ ಹಳೆಯ ಪೊಲೀಸ್ ದಾಖಲೆಗಳನ್ನು ಮುಚ್ಚಿಟ್ಟಿದ್ದರೆಂದು 'ಷಿಕಾಗೊ ಟ್ರಿಬ್ಯೂನ್' ಪತ್ರಿಕೆ ಬಯಲಿಗೆಳೆಯಿತು. ಇಬ್ಬರನ್ನು ಕೈಬಿಟ್ಟು, ಬದಲಿ ಸದಸ್ಯರನ್ನು ಕೂರಿಸಿ, ಸಮಾಲೋಚನೆಯನ್ನು ಮೊದಲಿನಿಂದ ಆರಂಭಿಸಲು ನ್ಯಾಯಾಧೀಶರು ಸೂಚಿಸಬೇಕಾಯಿತು. ಮೇಲ್ಮನವಿಯಲ್ಲಿ ಇದೇ ದೊಡ್ಡ ಚರ್ಚೆಯಾಗಿ, 2007ರಲ್ಲಿ ನ್ಯಾಯಪೀಠವು 2-1ರ ಬಹುಮತದಿಂದ ಶಿಕ್ಷೆಯನ್ನು ಎತ್ತಿಹಿಡಿಯಿತು.

ಈ ಅನುಭವದ ನೆರಳಿನಲ್ಲಿ ನ್ಯಾಯಾಧೀಶ ಜೇಗಲ್ ಬ್ಲಗೋಯೆವಿಚ್ ಪ್ರಕರಣದ ಜ್ಯೂರಿ ಸದಸ್ಯರ ಹೆಸರುಗಳನ್ನು ನಿರ್ಣಯ ಹೊರಬೀಳುವವರೆಗೆ ಗುಪ್ತವಾಗಿರಿಸಿದರು. ಸದಸ್ಯರನ್ನು ಸಂಖ್ಯೆಗಳಿಂದಷ್ಟೇ ಗುರುತಿಸಲಾಯಿತು. ಅಪರಿಚಿತರು ಕರೆ ಮಾಡಿ, ಪತ್ರ ಬರೆದು ಒತ್ತಡ ಹೇರುವುದನ್ನು ತಪ್ಪಿಸುವುದು ಇದರ ಉದ್ದೇಶ. ಪತ್ರಿಕಾ ಸಂಸ್ಥೆಗಳು ಇದನ್ನು ಪ್ರಶ್ನಿಸಿದವು. ಸಾರ್ವಜನಿಕರ ವಾದವನ್ನು ಆಲಿಸದೆ ಹೀಗೆ ಮಾಡುವಂತಿಲ್ಲವೆಂದು ಮೇಲ್ಮನವಿ ನ್ಯಾಯಾಲಯ 2010ರ ಜುಲೈನಲ್ಲಿ ಹೇಳಿತು. ವಿಚಾರಣೆ ನಡೆಸಿದ ಬಳಿಕವೂ ಜೇಗಲ್ ತಮ್ಮ ನಿಲುವಿಗೆ ಅಂಟಿಕೊಂಡರು.

ನ್ಯಾಯಾಲಯದ ಹೊರಗಿನ ವಾದ

ಆರೋಪಿಗಳು ವಿಚಾರಣೆಗೆ ಮುನ್ನ ಮೌನವಾಗಿರಬೇಕೆಂಬುದು ವಕೀಲರು ಸಾಮಾನ್ಯವಾಗಿ ನೀಡುವ ಸಲಹೆ. ಬ್ಲಗೋಯೆವಿಚ್ ಇದಕ್ಕೆ ನೇರ ವಿರುದ್ಧ ದಾರಿ ಹಿಡಿದರು. ದೂರದರ್ಶನದ ಹರಟೆ ಕಾರ್ಯಕ್ರಮಗಳಲ್ಲಿ ಕಾಣಿಸಿಕೊಂಡರು. 2009ರಲ್ಲಿ ತಮ್ಮ ಸಮರ್ಥನೆಯ ಪುಸ್ತಕ ಪ್ರಕಟಿಸಿದರು. ಕೋಸ್ಟರಿಕಾದ ಕಾಡಿನಲ್ಲಿ ಚಿತ್ರೀಕರಣವಾಗಲಿದ್ದ ರಿಯಾಲಿಟಿ ಕಾರ್ಯಕ್ರಮಕ್ಕೆ ಹೋಗಲು ಅನುಮತಿ ಕೇಳಿದರು. ನ್ಯಾಯಾಧೀಶರು ನಿರಾಕರಿಸಿದಾಗ ಪತ್ನಿ ಪ್ಯಾಟಿ ಅವರ ಬದಲು ಹೋದರು. 2010ರಲ್ಲಿ ಡೊನಾಲ್ಡ್ ಟ್ರಂಪ್ ನಡೆಸಿಕೊಡುತ್ತಿದ್ದ 'ಸೆಲೆಬ್ರಿಟಿ ಅಪ್ರೆಂಟಿಸ್' ಕಾರ್ಯಕ್ರಮದಲ್ಲಿ ಸ್ಪರ್ಧಿಯಾದರು. ಎಲ್ಲೆಡೆ ಅವರ ಬೇಡಿಕೆ ಒಂದೇ ಆಗಿತ್ತು: ಆಯ್ದ ತುಣುಕುಗಳನ್ನಲ್ಲ, ಧ್ವನಿಮುದ್ರಿಕೆಗಳನ್ನು ಪೂರ್ಣವಾಗಿ ಕೇಳಿಸಿ.

ಇದು ಬರಿಯ ಪ್ರಚಾರಪ್ರಿಯತೆಯಾಗಿ ಕಂಡರೂ ಇದರ ಹಿಂದೆ ತರ್ಕವಿತ್ತು. ನಿರ್ಣಯ ಸರ್ವಾನುಮತದ್ದಾಗಿರಬೇಕಾದ ಕಾರಣ, ಆರೋಪಿ ಹನ್ನೆರಡು ಮಂದಿಯನ್ನೂ ಒಲಿಸಬೇಕಾಗಿಲ್ಲ. ಒಬ್ಬರ ಮನದಲ್ಲಿ ಸಂದೇಹ ಉಳಿದರೆ ಶಿಕ್ಷೆಯಿಂದ ಸದ್ಯಕ್ಕೆ ಪಾರು. ಮಾತುಗಾರ, ತುಸು ನಗೆಪಾಟಲಿಗೀಡಾದ, ಆದರೆ ದುಷ್ಟನಲ್ಲದ ಮನುಷ್ಯ ಎಂಬ ಚಿತ್ರ ಜನಮನದಲ್ಲಿ ಮೂಡಿದ್ದರೆ, ಧ್ವನಿಮುದ್ರಿಕೆಯ ಕಟು ಮಾತುಗಳೂ ಬಾಯಿಬಡುಕನ ಗೊಣಗಾಟವಾಗಿ ಕೇಳಿಸಬಹುದು. ಆದರೆ ಹೊರಗೆ ಆಡಿದ ಪ್ರತಿ ಮಾತೂ ಒಳಗೆ ಪಾಟೀಸವಾಲಿಗೆ ಸರಕಾಗುವ ಅಪಾಯವೂ ಈ ದಾರಿಯಲ್ಲಿತ್ತು.

ಮೊದಲ ವಿಚಾರಣೆ: ಮೌನದ ತಂತ್ರ

2010ರ ಜೂನ್ 3ರಂದು ಜ್ಯೂರಿ ಆಯ್ಕೆ ಆರಂಭವಾಗಿ, ಆರು ಪುರುಷರು ಹಾಗೂ ಆರು ಮಹಿಳೆಯರ ಜ್ಯೂರಿ ರಚನೆಯಾಯಿತು. ಜೂನ್ 8ರಂದು ಆರಂಭಿಕ ವಾದ ಮಂಡನೆಯಾಯಿತು. ಆರೋಪಿಯ ಪರ ಸ್ಯಾಮ್ ಆಡಂ ಮತ್ತು ಅವರ ಮಗ ಸ್ಯಾಮ್ ಆಡಂ ಜೂನಿಯರ್ ಮುಖ್ಯ ವಕೀಲರು. ಗಾಯಕ ಆರ್. ಕೆಲ್ಲಿ ಅವರಿಗೆ 2008ರಲ್ಲಿ ಬಿಡುಗಡೆ ದೊರಕಿಸಿಕೊಟ್ಟು ಈ ಜೋಡಿ ಹೆಸರು ಮಾಡಿತ್ತು. ಗವರ್ನರ್ ಒಂದು ಕಾಸನ್ನೂ ಪಡೆದಿಲ್ಲ, ನಂಬಬಾರದವರನ್ನು ನಂಬಿ ಕೆಟ್ಟರು ಎಂಬುದು ಅವರ ವಾದದ ತಿರುಳು. ಆರೋಪಿ ಸ್ವತಃ ಕಟಕಟೆ ಏರಿ ಸಾಕ್ಷ್ಯ ನುಡಿಯಲಿದ್ದಾರೆ ಎಂದೂ ಆರಂಭದಲ್ಲೇ ಜ್ಯೂರಿಗೆ ಮಾತು ಕೊಟ್ಟರು.

ಆದರೆ ಸರ್ಕಾರಿ ವಕೀಲರು ನಿರೀಕ್ಷೆಗಿಂತ ಮೊದಲೇ ತಮ್ಮ ಸಾಕ್ಷ್ಯ ಮಂಡನೆ ಮುಗಿಸಿದರು. ಗವರ್ನರ್ ಅವರ ನಿಧಿ ಸಂಗ್ರಾಹಕರಾಗಿದ್ದು 2008ರಲ್ಲಿ ತಪ್ಪಿತಸ್ಥರೆಂದು ಸಾಬೀತಾಗಿದ್ದ ಟೋನಿ ರೆಜ್ಕೊ ಅವರನ್ನು ಸಾಕ್ಷಿಯಾಗಿ ಕರೆಯಲೇ ಇಲ್ಲ. ಆಗ ಆರೋಪಿಯ ಪಕ್ಷವೂ ತಂತ್ರ ಬದಲಿಸಿತು. 2010ರ ಜುಲೈ 21ರಂದು ಬ್ಲಗೋಯೆವಿಚ್ ಪರ ಒಬ್ಬ ಸಾಕ್ಷಿಯನ್ನೂ ಕರೆಯದೆ ವಾದ ಮುಗಿಸುವುದಾಗಿ ವಕೀಲರು ಪ್ರಕಟಿಸಿದರು. ಆರೋಪ ಸಾಬೀತುಪಡಿಸುವ ಹೊಣೆ ಸಂಪೂರ್ಣವಾಗಿ ಸರ್ಕಾರದ್ದು, ಅದು ಸಾಬೀತಾಗಿಲ್ಲ ಎಂಬ ಸಂದೇಶ ಇದರಲ್ಲಿತ್ತು. ಆರೋಪಿಯ ಮೌನವನ್ನು ಅವರ ವಿರುದ್ಧ ಪರಿಗಣಿಸಬಾರದೆಂಬ ನಿಯಮ ಜ್ಯೂರಿಗೆ ತಿಳಿಸಲಾಗುತ್ತದೆ. ಎಲ್ಲಕ್ಕಿಂತ ಮುಖ್ಯವಾಗಿ, ತೀಕ್ಷ್ಣ ಪಾಟೀಸವಾಲಿನ ಅಪಾಯ ತಪ್ಪಿತು.

ಸರ್ಕಾರ ಕರೆಯದೆ ಬಿಟ್ಟ ಸಾಕ್ಷಿಗಳ ಬಗ್ಗೆ ಅಂತಿಮ ವಾದದಲ್ಲಿ ಪ್ರಸ್ತಾಪಿಸಲು ಆಡಂ ಜೂನಿಯರ್ ಮುಂದಾದಾಗ ನ್ಯಾಯಾಧೀಶರು ತಡೆದರು. ಜೈಲಿಗೆ ಹೋಗಲೂ ಸಿದ್ಧವೆಂದು ವಕೀಲರು ಪಟ್ಟು ಹಿಡಿದರು. ಮರುದಿನ ಆದೇಶಕ್ಕೆ ಒಳಪಟ್ಟೇ ವಾದ ಮುಂದುವರಿಸಬೇಕಾಯಿತು.

ಹನ್ನೊಂದು ಮತ್ತು ಒಂದು

ಜ್ಯೂರಿ 14 ದಿನ ಸಮಾಲೋಚಿಸಿತು. 2010ರ ಆಗಸ್ಟ್ 17ರಂದು ಹೊರಬಿದ್ದ ನಿರ್ಣಯದಲ್ಲಿ ಒಮ್ಮತವಿದ್ದುದು ಒಂದೇ ಆರೋಪದ ಮೇಲೆ: ಎಫ್‌ಬಿಐ ಅಧಿಕಾರಿಗಳಿಗೆ ಸುಳ್ಳು ಹೇಳಿದ್ದು. ಉಳಿದ 23 ಆರೋಪಗಳಲ್ಲಿ ಒಮ್ಮತ ಮೂಡಲಿಲ್ಲ. ಸೆನೆಟ್ ಸ್ಥಾನದ ಕುರಿತ ಪ್ರಮುಖ ಆರೋಪಗಳಲ್ಲಿ ಹನ್ನೊಂದು ಮಂದಿ ತಪ್ಪಿತಸ್ಥರೆಂದೂ, ಒಬ್ಬ ಮಹಿಳೆ ಅಲ್ಲವೆಂದೂ ನಿಂತಿದ್ದು ಬಳಿಕ ಬೆಳಕಿಗೆ ಬಂತು. ಆಕೆಯನ್ನು ಟೀಕಿಸಿದವರು ಹಲವರು. ಆದರೆ ಆಕೆ ಮಾಡಿದ್ದು ಕಾನೂನು ಸದಸ್ಯರಿಂದ ಬಯಸುವುದನ್ನೇ. ಸಂದೇಹವಿದ್ದರೆ ಬಹುಮತಕ್ಕೆ ತಲೆಬಾಗಬೇಕಿಲ್ಲ.

ಆದರೆ ಈ ಫಲಿತಾಂಶವನ್ನು ಒಬ್ಬರ ಹಟವೆಂದಷ್ಟೇ ಓದುವುದು ಸರಿಯಲ್ಲ. ಇತರ ಆರೋಪಗಳಲ್ಲಿ ಮತಗಳು ಇನ್ನೂ ಹಂಚಿಹೋಗಿದ್ದವು. ಸರ್ಕಾರಿ ಪಕ್ಷದ ಮಂಡನೆಯನ್ನು ಅನುಸರಿಸುವುದು ಕಷ್ಟವಾಗಿತ್ತೆಂದು ಕೆಲವು ಸದಸ್ಯರು ಬಳಿಕ ಹೇಳಿದರು. ಸಂಘಟಿತ ಅಪರಾಧ ಜಾಲಗಳಿಗಾಗಿ ರೂಪಿಸಿದ ಕಾಯ್ದೆಯಡಿಯ ಆರೋಪ, ಅದರೊಳಗೆ ಉಪ ಆರೋಪಗಳು, ಜೊತೆಗೆ ಸಹ ಆರೋಪಿಯಾಗಿ ಸಹೋದರ ರಾಬರ್ಟ್: ಇವೆಲ್ಲ ಸೇರಿ ಸಾಮಾನ್ಯ ನಾಗರಿಕರ ಮುಂದೆ ಗೋಜಲಿನ ಗಂಟಾಗಿತ್ತು.

ಎರಡನೆಯ ವಿಚಾರಣೆ: ಗಂಟು ಬಿಚ್ಚಿದ ಸರ್ಕಾರ

ಸರ್ಕಾರಿ ವಕೀಲರು ಪಾಠ ಕಲಿತರು. ಸಹೋದರ ರಾಬರ್ಟ್ ಮೇಲಿನ ಆರೋಪಗಳನ್ನು 2010ರ ಆಗಸ್ಟ್‌ನಲ್ಲಿಯೇ ಕೈಬಿಟ್ಟರು. 2011ರ ಫೆಬ್ರವರಿಯಲ್ಲಿ ಸಂಘಟಿತ ಅಪರಾಧದ ಕಾಯ್ದೆಯಡಿಯ ಆರೋಪಗಳೂ ಸೇರಿದಂತೆ ಮೂರನ್ನು ಹಿಂತೆಗೆದುಕೊಂಡು 20 ಆರೋಪಗಳನ್ನು ಉಳಿಸಿಕೊಂಡರು. ಸಾಕ್ಷ್ಯ ಮಂಡನೆಯನ್ನು ಮೂರು ವಾರದೊಳಗೆ ಮುಗಿಸಿದರು. ಪ್ರತಿ ಘಟನೆಗೂ ಒಂದು ಆರಂಭ, ಒಂದು ಬೇಡಿಕೆ, ಒಂದು ಪ್ರತಿಫಲ ಎಂಬಂತೆ ಕಥನವನ್ನು ನೇರಗೊಳಿಸಿದರು.

ಆರೋಪಿಯ ಪಾಳೆಯದಲ್ಲೂ ಬದಲಾವಣೆಯಾಗಿತ್ತು. ಮೊದಲ ವಿಚಾರಣೆಗೆ ವೆಚ್ಚ ಭರಿಸಿದ್ದ ಚುನಾವಣಾ ನಿಧಿ ಬರಿದಾಗಿತ್ತು. ಆಡಂ ತಂದೆ-ಮಗ ಹಿಂದೆ ಸರಿದರು. ಶೆಲ್ಡನ್ ಸೊರೋಸ್ಕಿ ಹಾಗೂ ಆರನ್ ಗೋಲ್ಡ್‌ಸ್ಟೀನ್ ಅವರಿದ್ದ ಚಿಕ್ಕ ತಂಡ ಸರ್ಕಾರಿ ವೆಚ್ಚದಲ್ಲಿ ವಾದಿಸಿತು. ಸಾಕ್ಷಿಯೊಬ್ಬರನ್ನೂ ಕರೆಯದ ತಂತ್ರ ಎರಡನೆಯ ಬಾರಿ ಫಲಿಸುವ ಭರವಸೆಯಿರಲಿಲ್ಲ. ಹಿಂದಿನ ಸಲ ಸರ್ಕಾರಕ್ಕೆ ಎದುರಾಳಿಯ ವಾದ ಗೊತ್ತಿರಲಿಲ್ಲ. ಈಗ ಅದರ ಸ್ವರೂಪ ಬಹಿರಂಗವಾಗಿತ್ತು.

ಏಪ್ರಿಲ್‌ನಲ್ಲಿ ಹಲವು ದಿನ ನಡೆದ ಪ್ರಶ್ನೋತ್ತರದಲ್ಲಿ ಇನ್ನೊಂದು ತೊಡಕು ಎದುರಾಯಿತು. ಮೊದಲ ವಿಚಾರಣೆಯ ವರದಿಗಳು, ರಿಯಾಲಿಟಿ ಕಾರ್ಯಕ್ರಮ, ಟಿ.ವಿ. ಹರಟೆ ಎಲ್ಲವನ್ನೂ ಕಂಡವರೇ ಜ್ಯೂರಿಗೆ ಅಭ್ಯರ್ಥಿಗಳು. ಕೊನೆಗೆ ನಿರ್ಣಯ ನೀಡಿದ ಜ್ಯೂರಿಯಲ್ಲಿದ್ದವರು ಹನ್ನೊಂದು ಮಹಿಳೆಯರು, ಒಬ್ಬ ಪುರುಷ. ಇಂಥ ರಚನೆ ಯಾರಿಗೆ ಅನುಕೂಲವೆಂದು ಹೊರಗೆ ಬಗೆಬಗೆಯ ಊಹೆಗಳು ನಡೆದವು. ಲಿಂಗವನ್ನು ನೋಡಿ ನಿರ್ಣಯ ಊಹಿಸುವುದು ನಿಷ್ಪ್ರಯೋಜಕ ಎಂಬುದಕ್ಕೆ ಮೊದಲ ವಿಚಾರಣೆಯೇ ಸಾಕ್ಷಿ: ಅಲ್ಲಿ ಹನ್ನೊಂದು ಮಂದಿಯ ಕಡೆಗೂ ಮಹಿಳೆಯರಿದ್ದರು, ಭಿನ್ನಮತದಲ್ಲಿದ್ದವರೂ ಮಹಿಳೆಯೇ.

2011ರ ಮೇ 26ರಂದು ಬ್ಲಗೋಯೆವಿಚ್ ಕಟಕಟೆ ಏರಿದರು. ಏಳು ದಿನ ನುಡಿದರು. ಬಾಲ್ಯದ ಬಡತನ, ಸರ್ಬಿಯಾದಿಂದ ವಲಸೆ ಬಂದ ತಂದೆ, ರಾಜಕೀಯ ಜೀವನ ಎಲ್ಲವನ್ನೂ ನಿರೂಪಿಸಿದರು. ಧ್ವನಿಮುದ್ರಿಕೆಯಲ್ಲಿರುವುದು ಆಲೋಚನೆಗಳ ಹೊಯ್ದಾಟ, ಸಹಾಯಕರೊಂದಿಗೆ ಗಟ್ಟಿಯಾಗಿ ಯೋಚಿಸಿದ್ದು, ತೀರ್ಮಾನವಲ್ಲ ಎಂಬುದು ಅವರ ಸಮರ್ಥನೆ. ಸರ್ಕಾರಿ ವಕೀಲ ರೀಡ್ ಶಾರ್ ಪಾಟೀಸವಾಲಿನ ಮೊದಲ ಪ್ರಶ್ನೆಯಲ್ಲೇ, ಸುಳ್ಳು ಹೇಳಿದ ಅಪರಾಧಕ್ಕೆ ಅವರು ತಪ್ಪಿತಸ್ಥರೆಂದು ಅದಾಗಲೇ ಸಾಬೀತಾಗಿದೆಯಲ್ಲವೇ ಎಂಬುದನ್ನು ಒಪ್ಪಿಸಿದರು. ಮೊದಲ ಜ್ಯೂರಿ ಒಪ್ಪಿದ್ದ ಆ ಒಂದೇ ಚಿಕ್ಕ ಆರೋಪ, ಎರಡನೆಯ ವಿಚಾರಣೆಯಲ್ಲಿ ಆರೋಪಿಯ ವಿಶ್ವಾಸಾರ್ಹತೆಗೆ ಬಿದ್ದ ಮೊದಲ ಪೆಟ್ಟಾಯಿತು.

ಸುಮಾರು ಹತ್ತು ದಿನಗಳ ಸಮಾಲೋಚನೆಯ ಬಳಿಕ ಜೂನ್ 27ರಂದು ನಿರ್ಣಯ ಬಂತು. ಸೆನೆಟ್ ಸ್ಥಾನದ ಎಲ್ಲ ಆರೋಪಗಳು, ಆಸ್ಪತ್ರೆ ಹಾಗೂ ಕುದುರೆ ಜೂಜಿನ ಆರೋಪಗಳು ಸೇರಿ 17ರಲ್ಲಿ ತಪ್ಪಿತಸ್ಥರು, ಒಂದರಲ್ಲಿ ಖುಲಾಸೆ, ಎರಡರಲ್ಲಿ ಒಮ್ಮತವಿಲ್ಲ. ಎಲ್ಲ ಆರೋಪಗಳನ್ನೂ ಕುರುಡಾಗಿ ಒಪ್ಪಲಿಲ್ಲ ಎಂಬುದನ್ನು ಗಮನಿಸಬೇಕು. 2011ರ ಡಿಸೆಂಬರ್ 7ರಂದು ನ್ಯಾಯಾಧೀಶರು 14 ವರ್ಷಗಳ ಸೆರೆವಾಸ ವಿಧಿಸಿದರು. ಮೊದಲ ವಿಚಾರಣೆಯ ಒಂದು ಆರೋಪವೂ ಇದರಲ್ಲಿ ಸೇರಿತ್ತು.

ರಾಜಕೀಯ ಹೊಂದಾಣಿಕೆ ಎಲ್ಲಿ ಮುಗಿಯುತ್ತದೆ?

ಪ್ರಕರಣದ ಅತ್ಯಂತ ಗಹನವಾದ ಪ್ರಶ್ನೆ ಎದ್ದದ್ದು ಮೇಲ್ಮನವಿಯಲ್ಲಿ. 2015ರ ಜುಲೈ 21ರಂದು ಮೇಲ್ಮನವಿ ನ್ಯಾಯಾಲಯವು ಐದು ಆರೋಪಗಳ ಮೇಲಿನ ನಿರ್ಣಯವನ್ನು ರದ್ದುಗೊಳಿಸಿತು. ನ್ಯಾಯಮೂರ್ತಿ ಫ್ರಾಂಕ್ ಈಸ್ಟರ್‌ಬ್ರೂಕ್ ಬರೆದ ಈ ತೀರ್ಪು ಎರಡು ಬಗೆಯ ಕೊಡುಕೊಳ್ಳುವಿಕೆಯನ್ನು ಬೇರ್ಪಡಿಸಿತು. ಒಬಾಮ ಸೂಚಿಸಿದವರನ್ನು ಸೆನೆಟ್‌ಗೆ ನೇಮಿಸಿ, ಪ್ರತಿಯಾಗಿ ತನಗೆ ಕೇಂದ್ರ ಸಚಿವ ಸಂಪುಟದಲ್ಲಿ ಸ್ಥಾನ ಕೇಳುವುದು ಒಂದು ಸಾರ್ವಜನಿಕ ಕಾರ್ಯಕ್ಕೆ ಪ್ರತಿಯಾಗಿ ಇನ್ನೊಂದು ಸಾರ್ವಜನಿಕ ಕಾರ್ಯ. ಇದು ರಾಜಕಾರಣದಲ್ಲಿ ನಿತ್ಯ ನಡೆಯುವ ಹೊಂದಾಣಿಕೆ. ನೇಮಕಕ್ಕೆ ಪ್ರತಿಯಾಗಿ ಸ್ಥಾನಾಕಾಂಕ್ಷಿಯೊಬ್ಬರ ಬೆಂಬಲಿಗರಿಂದ 15 ಲಕ್ಷ ಡಾಲರ್ ನಿಧಿ, ಅಥವಾ ಖಾಸಗಿ ಸಂಬಳದ ಹುದ್ದೆ ಬಯಸುವುದು ಲಂಚ. ಜ್ಯೂರಿಗೆ ನೀಡಿದ ಸೂಚನೆಗಳು ಇವೆರಡನ್ನೂ ಬೇರ್ಪಡಿಸದೆ, ಮೊದಲನೆಯದಕ್ಕಾಗಿಯೂ ಶಿಕ್ಷಿಸಲು ಅವಕಾಶ ನೀಡಿದ್ದವು ಎಂಬುದು ರದ್ದತಿಗೆ ಕಾರಣ.

ಜ್ಯೂರಿ ತನ್ನ ನಿರ್ಣಯಕ್ಕೆ ಕಾರಣ ಕೊಡುವುದಿಲ್ಲವಾದ್ದರಿಂದ, ಸದಸ್ಯರು ಯಾವ ಕೊಡುಕೊಳ್ಳುವಿಕೆಯನ್ನು ಆಧರಿಸಿ ತಪ್ಪಿತಸ್ಥರೆಂದರು ಎಂದು ಹೇಳಲು ಬಾರದು. ಇದೇ ಕಾರಣಕ್ಕೆ ನ್ಯಾಯಾಧೀಶರು ಜ್ಯೂರಿಗೆ ಓದಿ ಹೇಳುವ ಕಾನೂನಿನ ಸೂಚನೆಗಳ ಪ್ರತಿ ವಾಕ್ಯದ ಮೇಲೂ ಎರಡೂ ಪಕ್ಷಗಳು ಹೋರಾಡುತ್ತವೆ. ಸದಸ್ಯರ ಆಯ್ಕೆಯಷ್ಟೇ, ಕೆಲವೊಮ್ಮೆ ಅದಕ್ಕಿಂತ ಹೆಚ್ಚು, ಈ ಸೂಚನೆಗಳು ಪ್ರಕರಣದ ಗತಿ ನಿರ್ಧರಿಸುತ್ತವೆ.

ಉಳಿದ ಆರೋಪಗಳಿಗೆ ಸಾಕ್ಷ್ಯ ಬಲವಾಗಿದೆ ಎಂದು ನ್ಯಾಯಾಲಯ ಎತ್ತಿಹಿಡಿಯಿತು. 2016ರ ಆಗಸ್ಟ್‌ನಲ್ಲಿ ಶಿಕ್ಷೆಯನ್ನು ಮರುಪರಿಶೀಲಿಸಿದ ಜೇಗಲ್ ಅದೇ 14 ವರ್ಷಗಳನ್ನು ಉಳಿಸಿದರು. ನ್ಯಾಯಾಲಯದಲ್ಲಿ ಮುಚ್ಚಿದ ಬಾಗಿಲು ಅಧ್ಯಕ್ಷರ ಭವನದಲ್ಲಿ ತೆರೆಯಿತು. 2020ರ ಫೆಬ್ರವರಿ 18ರಂದು ಅಧ್ಯಕ್ಷ ಟ್ರಂಪ್ ಶಿಕ್ಷೆಯನ್ನು ಕಡಿತಗೊಳಿಸಿ, ಸುಮಾರು ಎಂಟು ವರ್ಷ ಸೆರೆಯಲ್ಲಿದ್ದ ಬ್ಲಗೋಯೆವಿಚ್ ಅವರನ್ನು ಬಿಡುಗಡೆ ಮಾಡಿದರು. ಎರಡನೆಯ ಅವಧಿಯಲ್ಲಿ, 2025ರ ಫೆಬ್ರವರಿ 10ರಂದು, ಪೂರ್ಣ ಕ್ಷಮಾದಾನವನ್ನೂ ನೀಡಿದರು.

ಇತರ ಎರಡು ಪ್ರಕರಣಗಳು

ಅಲಾಸ್ಕದ ಸೆನೆಟರ್ ಟೆಡ್ ಸ್ಟೀವನ್ಸ್ 2008ರ ಜುಲೈನಲ್ಲಿ ದೋಷಾರೋಪಕ್ಕೆ ಒಳಗಾದಾಗ, ನವೆಂಬರ್ ಚುನಾವಣೆಗೆ ಮುನ್ನ ಹೆಸರು ತೊಳೆದುಕೊಳ್ಳಲು ಶೀಘ್ರ ವಿಚಾರಣೆ ಕೋರಿದರು. ವಾಷಿಂಗ್ಟನ್‌ನಲ್ಲಿ ಜ್ಯೂರಿಯ ಸಮಾಲೋಚನೆಯ ನಡುವೆ ಒಬ್ಬ ಸದಸ್ಯೆ ತಂದೆ ತೀರಿಕೊಂಡರೆಂದು ಹೇಳಿ ಹೋಗಿ, ಕ್ಯಾಲಿಫೋರ್ನಿಯಾದ ಕುದುರೆ ಪಂದ್ಯಕ್ಕೆ ತೆರಳಿದ್ದರು. ಆ ಸ್ಥಾನಕ್ಕೆ ಬದಲಿ ಸದಸ್ಯರನ್ನು ಕೂರಿಸಲಾಯಿತು. ಅಕ್ಟೋಬರ್ 27ರಂದು ಏಳೂ ಆರೋಪಗಳಲ್ಲಿ ತಪ್ಪಿತಸ್ಥರೆಂದು ನಿರ್ಣಯವಾಯಿತು. ಸ್ಟೀವನ್ಸ್ ಚುನಾವಣೆಯಲ್ಲೂ ಸೋತರು. ಆದರೆ ಆರೋಪಿಗೆ ಅನುಕೂಲಕರವಾದ ಮಾಹಿತಿಯನ್ನು ಸರ್ಕಾರಿ ವಕೀಲರು ಮುಚ್ಚಿಟ್ಟಿದ್ದು ಬಯಲಾಗಿ, 2009ರ ಏಪ್ರಿಲ್‌ನಲ್ಲಿ ನ್ಯಾಯಾಲಯ ಇಡೀ ನಿರ್ಣಯವನ್ನು ತಳ್ಳಿಹಾಕಿತು. ಮರಳಿ ಬಾರದಿದ್ದುದು ಸೆನೆಟ್ ಸ್ಥಾನ ಮಾತ್ರ.

ನ್ಯೂಯಾರ್ಕ್‌ನ ಮ್ಯಾನ್‌ಹಟನ್‌ನಲ್ಲಿ 2024ರ ಏಪ್ರಿಲ್ 15ರಂದು ಆರಂಭವಾದ ಟ್ರಂಪ್ ಅವರ ಕ್ರಿಮಿನಲ್ ವಿಚಾರಣೆಯಲ್ಲಿ ಮೊದಲ ದಿನ ಬಂದ 96 ಮಂದಿಯಲ್ಲಿ ಅರ್ಧಕ್ಕಿಂತ ಹೆಚ್ಚಿನವರು ತಾವು ನಿಷ್ಪಕ್ಷಪಾತಿಗಳಾಗಿರಲಾರೆವೆಂದು ತಾವಾಗಿಯೇ ಹೇಳಿ ಹೊರನಡೆದರು. ಆದರೂ ಅದೇ ವಾರದಲ್ಲಿ 12 ಸದಸ್ಯರು, 6 ಬದಲಿ ಸದಸ್ಯರು ದೊರೆತರು. ಅವರಲ್ಲಿ ಇಬ್ಬರು ವಕೀಲರು. ಮೇ 30ರಂದು 34 ಆರೋಪಗಳಲ್ಲೂ ತಪ್ಪಿತಸ್ಥರೆಂದು ನಿರ್ಣಯ ಬಂತು. 2025ರ ಜನವರಿ 10ರಂದು ನ್ಯಾಯಾಧೀಶರು ಯಾವುದೇ ದಂಡನೆ ವಿಧಿಸದೆ ಪ್ರಕರಣ ಮುಗಿಸಿದರು.

ಭಾರತದಲ್ಲಿ ಪರಿಹಾರ ಬೇರೆ

ಭಾರತದಲ್ಲಿ ಜ್ಯೂರಿ ಪದ್ಧತಿ ಈಗಿಲ್ಲ. ನೌಕಾಧಿಕಾರಿ ನಾನಾವತಿ ಪ್ರಕರಣದಲ್ಲಿ 1959ರಲ್ಲಿ ಮುಂಬಯಿಯ ಜ್ಯೂರಿ 8-1 ಮತಗಳಿಂದ ನಿರ್ದೋಷಿ ಎಂದದ್ದನ್ನು ಹೈಕೋರ್ಟ್ ತಳ್ಳಿಹಾಕಿದ ಬಳಿಕ ಪದ್ಧತಿಯ ಮೇಲಿನ ನಂಬಿಕೆ ಕುಗ್ಗಿತು. 1973ರ ದಂಡಪ್ರಕ್ರಿಯಾ ಸಂಹಿತೆಯಲ್ಲಿ ಅದಕ್ಕೆ ಸ್ಥಾನವಿರಲಿಲ್ಲ. ಹಾಗಾಗಿ ಪ್ರಭಾವಿ ರಾಜಕಾರಣಿಯ ವಿಚಾರಣೆ ನ್ಯಾಯಯುತವಾಗಿರಲು ಇಲ್ಲಿ ನಿರ್ಣಾಯಕರನ್ನು ಸೋಸುವ ಬದಲು ನ್ಯಾಯಾಲಯವನ್ನೇ ಸ್ಥಳಾಂತರಿಸುವ ದಾರಿಯಿದೆ. ತಮಿಳುನಾಡಿನ ಮುಖ್ಯಮಂತ್ರಿಯಾಗಿದ್ದ ಜೆ. ಜಯಲಲಿತಾ ಅವರ ಅಕ್ರಮ ಆಸ್ತಿ ಪ್ರಕರಣವನ್ನು ಸುಪ್ರೀಂ ಕೋರ್ಟ್ 2003ರ ನವೆಂಬರ್‌ನಲ್ಲಿ ಬೆಂಗಳೂರಿಗೆ ವರ್ಗಾಯಿಸಿದ್ದು ಇದೇ ಕಾರಣಕ್ಕೆ. ಆ ವಿಚಾರಣೆಗೆ ತೀರ್ಪು ದೊರೆತದ್ದು 2014ರ ಸೆಪ್ಟೆಂಬರ್ 27ರಂದು. 2015ರಲ್ಲಿ ಹೈಕೋರ್ಟ್ ಖುಲಾಸೆಗೊಳಿಸಿತು. 2017ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟ್ ವಿಶೇಷ ನ್ಯಾಯಾಲಯದ ತೀರ್ಪನ್ನು ಮರುಸ್ಥಾಪಿಸುವ ವೇಳೆಗೆ ಜಯಲಲಿತಾ ನಿಧನರಾಗಿದ್ದರು.

ಎರಡು ವ್ಯವಸ್ಥೆಗಳ ಲಾಭ-ನಷ್ಟಗಳೂ ಬೇರೆ. ಭಾರತದ ನ್ಯಾಯಾಧೀಶರು ಕಾರಣಗಳನ್ನು ಬರೆಯುತ್ತಾರೆ. ತಪ್ಪಿದ್ದರೆ ಮೇಲಿನ ನ್ಯಾಯಾಲಯ ಸಾಲುಸಾಲಾಗಿ ಪರಿಶೀಲಿಸಬಹುದು. ಆದರೆ ಅಂತಿಮ ಉತ್ತರಕ್ಕೆ ದಶಕಗಳು ಹಿಡಿಯಬಹುದು. ಷಿಕಾಗೊದಲ್ಲಿ ಬಂಧನದಿಂದ ಎರಡನೆಯ ಜ್ಯೂರಿಯ ನಿರ್ಣಯದವರೆಗೆ ಹಿಡಿದದ್ದು ಮೂರು ವರ್ಷಕ್ಕಿಂತ ಕಡಿಮೆ. ಆದರೆ ಮೊದಲ ಹನ್ನೆರಡು ಮಂದಿ ಏಕೆ ಒಪ್ಪಲಿಲ್ಲ, ನಂತರದ ಹನ್ನೆರಡು ಮಂದಿ ಏಕೆ ಒಪ್ಪಿದರು ಎಂಬುದಕ್ಕೆ ನ್ಯಾಯಾಲಯದ ಕಡತದಲ್ಲಿ ಒಂದು ಸಾಲಿನ ವಿವರಣೆಯೂ ಇಲ್ಲ.

ಪ್ರಕರಣದ ಹಾದಿ

2008 ಡಿಸೆಂಬರ್ 9: ಬ್ಲಗೋಯೆವಿಚ್ ಬಂಧನ.
2009 ಜನವರಿ 29: ಗವರ್ನರ್ ಹುದ್ದೆಯಿಂದ ಪದಚ್ಯುತಿ.
2010 ಜೂನ್ 3: ಮೊದಲ ಜ್ಯೂರಿಯ ಆಯ್ಕೆ ಆರಂಭ.
2010 ಆಗಸ್ಟ್ 17: ಒಂದು ಆರೋಪದಲ್ಲಿ ತಪ್ಪಿತಸ್ಥ, 23ರಲ್ಲಿ ಒಮ್ಮತವಿಲ್ಲ.
2011 ಜೂನ್ 27: ಎರಡನೆಯ ಜ್ಯೂರಿಯಿಂದ 17 ಆರೋಪಗಳಲ್ಲಿ ತಪ್ಪಿತಸ್ಥ.
2011 ಡಿಸೆಂಬರ್ 7: 14 ವರ್ಷಗಳ ಸೆರೆವಾಸ.
2012 ಮಾರ್ಚ್ 15: ಕೊಲರಾಡೊ ರಾಜ್ಯದ ಸೆರೆಮನೆಗೆ ದಾಖಲು.
2015 ಜುಲೈ 21: ಮೇಲ್ಮನವಿಯಲ್ಲಿ ಐದು ಆರೋಪಗಳ ನಿರ್ಣಯ ರದ್ದು.
2016 ಆಗಸ್ಟ್: ಮರುಪರಿಶೀಲನೆಯಲ್ಲೂ 14 ವರ್ಷಗಳ ಶಿಕ್ಷೆ ಕಾಯಂ.
2020 ಫೆಬ್ರವರಿ 18: ಶಿಕ್ಷೆ ಕಡಿತ, ಬಿಡುಗಡೆ.
2025 ಫೆಬ್ರವರಿ 10: ಪೂರ್ಣ ಕ್ಷಮಾದಾನ.